ಪವಾಯಿಯ ಕನ್ನಡಿಗರೇ, ಹಬ್ಬದ ದುಡ್ಡಿಗೆ ನಾವೇ ಕಾವಲು!

ಪವಾಯಿ, ಚಾಂದಿವಲಿ, ಸಾಕಿವಿಹಾರ್ ರಸ್ತೆ, ತುಂಗಾ ಗಾಂವ್, ಫಿಲ್ಟರ್‌ಪಾಡಾ, ಮೊರಾರ್ಜಿ ನಗರದ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ, ಹಿರಿಯರೇ,

ಪವಾಯಿ ಕೆರೆಯಲ್ಲಿ ಗಣಪತಿಯನ್ನು ಬಿಟ್ಟು ಮನೆಗೆ ಬಂದ ಮರುದಿನದಿಂದಲೇ ಪೇಟೆಯ ಗದ್ದಲ ಶುರುವಾಗುತ್ತದೆ. ಮೊಬೈಲ್ ತೆರೆದರೆ ಸೇಲ್. ಪೇಪರ್ ಬಿಡಿಸಿದರೆ ಮೊದಲ ಪುಟವಿಡೀ ಟಿವಿ, ಫ್ರಿಜ್. ಬಸ್ ಸ್ಟಾಪಿನಲ್ಲಿ ಚಿನ್ನದ ಸ್ಕೀಮಿನ ಬೋರ್ಡು. ನವರಾತ್ರಿ, ದಸರಾ, ಧನ್‌ತೇರಸ್, ದೀಪಾವಳಿ, ಅದರ ಬೆನ್ನಿಗೇ ಕ್ರಿಸ್ಮಸ್, ಹೊಸ ವರ್ಷ.

ವರ್ಷದ ದೊಡ್ಡ ದುಡ್ಡು ನಮ್ಮ ಕೈಗೆ ಬರುವುದೂ ಇದೇ ತಿಂಗಳುಗಳಲ್ಲಿ. ಹೊಟೇಲಿನಲ್ಲಿ ದುಡಿಯುವ ಹುಡುಗರಿಗೆ ಮಾಲೀಕರು ಕೊಡುವ ಹಬ್ಬದ ಹಣ. ಕಾರ್ಖಾನೆ, ಕಂಪನಿಯವರಿಗೆ ಬೋನಸ್. ಕಾನೂನು ಹೇಳುವ ಕನಿಷ್ಠ ಬೋನಸ್ ಶೇ. 8.33, ಅಂದರೆ ಲೆಕ್ಕಕ್ಕೆ ಹಿಡಿದ ವರ್ಷದ ಪಗಾರದಲ್ಲಿ ಹನ್ನೆರಡನೇ ಒಂದು ಪಾಲು. ಹಿರಾನಂದಾನಿಯ ಬಿಲ್ಡಿಂಗುಗಳಲ್ಲಿ ಅಡುಗೆ, ಮನೆಗೆಲಸ ಮಾಡುವ ಅಕ್ಕಂದಿರಿಗೆ ದೀಪಾವಳಿಯ ಇನಾಮು. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ನಾಕಾದಲ್ಲಿ ನಿಂತು ಕೂಲಿ ಹಿಡಿಯುವವರಿಗೆ ಹಬ್ಬಕ್ಕೆ ಊರಿಗೆ ಹೋಗುವ ಮೊದಲು ಮೇಸ್ತ್ರಿ ಚುಕ್ತಾ ಮಾಡುವ ಬಾಕಿ. ಈ ದುಡ್ಡು ಯಾವ ವಾರ ಬರುತ್ತದೆಂದು ನಮಗೆ ಗೊತ್ತಿರುವಷ್ಟೇ ಚೆನ್ನಾಗಿ ಅದನ್ನು ಕಸಿಯಲು ಕೂತವರಿಗೂ ಗೊತ್ತು.

ಆದ್ದರಿಂದ ಈ ಕರಪತ್ರ. ನಾವು ಹೇಳುವುದು ಮುಖ್ಯವಾಗಿ ಒಂದೇ ಮಾತು: ನಿಮ್ಮನ್ನು ಅವಸರಪಡಿಸುವವರ ಕೈಗೆ ದುಡ್ಡು ಕೊಡಬೇಡಿ. ಐದು ಸಾವಿರ ರೂಪಾಯಿ ದಾಟಿದ ಖರೀದಿಯಾಗಲಿ, ಸಾಲವಾಗಲಿ, ಸ್ಕೀಮಾಗಲಿ, ಒಂದು ರಾತ್ರಿ ಕಳೆಯಲಿ. ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ. ಆಮೇಲೆ ಕೊಡಿ. ಸರಿಯಾದ ವ್ಯವಹಾರ ನಾಳೆ ಬೆಳಿಗ್ಗೆಯೂ ಸರಿಯಾಗಿಯೇ ಇರುತ್ತದೆ. ಮೋಸದ್ದು ಮಾತ್ರ ಇವತ್ತೇ, ಈಗಲೇ ಆಗಬೇಕು ಅನ್ನುತ್ತದೆ.

2019ರ ಆ ಹಬ್ಬವನ್ನು ನೆನಪಿಸಿಕೊಳ್ಳಿ

2019ರ ಸೆಪ್ಟೆಂಬರ್ 23. ನವರಾತ್ರಿಗೆ ಇನ್ನು ಆರೇ ದಿನ. ನಮ್ಮ ಪಕ್ಕದ ಭಾಂಡುಪ್‌ನಲ್ಲಿ ಹೆಡ್ ಆಫೀಸ್ ಇದ್ದ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋಆಪರೇಟಿವ್ (ಪಿಎಂಸಿ) ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಖಾತೆಯಲ್ಲಿ ಎಷ್ಟೇ ಇರಲಿ, ತೆಗೆಯಬಹುದಾದದ್ದು 1,000 ರೂಪಾಯಿ. ತಿಂಗಳಿಗಲ್ಲ, ಆರು ತಿಂಗಳಿಗೆ! ಬ್ರಾಂಚುಗಳ ಮುಂದೆ ಜನ ಪಾಸ್‌ಬುಕ್ ಹಿಡಿದು ಅತ್ತರು. ಮಿತಿಯನ್ನು 10,000, 25,000, 40,000 ಎಂದು ಏರಿಸುತ್ತ ಹೋದರೂ ಅಕ್ಟೋಬರ್ 27ರ ದೀಪಾವಳಿಯನ್ನು ಆ ಬ್ಯಾಂಕಿನ ಗ್ರಾಹಕರು ಕಳೆದದ್ದು 40,000ದ ಮಿತಿಯೊಳಗೇ. ಬ್ಯಾಂಕ್ ಕೊಟ್ಟ ಸಾಲದಲ್ಲಿ ಶೇ. 70ಕ್ಕೂ ಹೆಚ್ಚು ಎಚ್‌ಡಿಐಎಲ್ ಎಂಬ ಒಂದೇ ಬಿಲ್ಡರ್ ಸಮೂಹಕ್ಕೆ ಹೋಗಿತ್ತು ಎಂಬುದು ಆಮೇಲೆ ಹೊರಬಿತ್ತು. 2022ರ ಜನವರಿಯಲ್ಲಿ ಆ ಬ್ಯಾಂಕನ್ನು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನ ಮಾಡಿದರು. ದೊಡ್ಡ ಠೇವಣಿ ಇಟ್ಟವರ ಹಣ ಕಂತುಕಂತಾಗಿ ವಾಪಸ್ಸಾಗಲು ಹತ್ತು ವರ್ಷದವರೆಗಿನ ವಾಯಿದೆ.

ಅದೇ ದೀಪಾವಳಿಗೆ ವಾರದ ಮೊದಲು ಇನ್ನೊಂದು ಪೆಟ್ಟು. ಡೊಂಬಿವಲಿ, ಠಾಣೆಯ ಕಡೆ ಅಂಗಡಿಗಳಿದ್ದ ಗುಡ್‌ವಿನ್ ಜ್ಯುವೆಲರ್ಸ್ ಬಾಗಿಲು ಹಾಕಿತು. ತಿಂಗಳು ತಿಂಗಳು ಚಿನ್ನದ ಸ್ಕೀಮಿಗೆ ಕಟ್ಟಿದವರು, ಹೆಚ್ಚು ಬಡ್ಡಿ ಸಿಗುತ್ತದೆಂದು ಠೇವಣಿ ಇಟ್ಟವರು ಧನ್‌ತೇರಸ್‌ಗೆ ಒಡವೆ ತರಲು ಹೋಗಬೇಕಿದ್ದ ಹೊತ್ತಿನಲ್ಲಿ ಪೊಲೀಸ್ ಠಾಣೆಯ ಮುಂದೆ ಸಾಲು ನಿಂತರು.

ಇದು ಹಳೆಯ ಕಥೆಯೆಂದು ಬಿಡುವ ಹಾಗಿಲ್ಲ. 2025ರ ಜನವರಿಯಲ್ಲಿ, ಹೊಸ ವರ್ಷದ ಮೊದಲ ವಾರದಲ್ಲೇ, ದಾದರ್‌ನ ಟೋರೆಸ್ ಅಂಗಡಿಯ ಮುಂದೆ ಜನ ಸೇರಿದ್ದನ್ನು ನೀವೇ ಟಿವಿಯಲ್ಲಿ ನೋಡಿದ್ದೀರಿ. ಮೊಯಿಸನೈಟ್ ಅನ್ನುವ ಹೊಳೆಯುವ ಕಲ್ಲು ಕೊಳ್ಳಿ, ವಾರವಾರ ದುಡ್ಡು ಬರುತ್ತದೆ, ಇನ್ನೊಬ್ಬರನ್ನು ಸೇರಿಸಿದರೆ ಇನ್ನಷ್ಟು ಬರುತ್ತದೆ ಎಂದಿದ್ದರು. ಮೊದಲ ಕೆಲವು ವಾರ ದುಡ್ಡು ಬಂದದ್ದೂ ನಿಜ, ಆ ನಂಬಿಕೆಯ ಮೇಲೆಯೇ ಜನ ಮನೆಮಂದಿಯ ಉಳಿತಾಯವನ್ನೆಲ್ಲ ತಂದು ಸುರಿದರು. ದೂರು ಕೊಟ್ಟವರಲ್ಲಿ ತರಕಾರಿ ಮಾರುವವರೂ ಇದ್ದಾರೆ. ಅದಾದ ಮರು ತಿಂಗಳು, ಫೆಬ್ರವರಿ 13ಕ್ಕೆ, ನ್ಯೂ ಇಂಡಿಯಾ ಕೋಆಪರೇಟಿವ್ ಬ್ಯಾಂಕಿನ ಮೇಲೆ ನಿರ್ಬಂಧ. ಆ ಗ್ರಾಹಕರ ಕಷ್ಟ ತೀರಿದ್ದು ಆಗಸ್ಟಿನಲ್ಲಿ ಅದು ಸಾರಸ್ವತ ಬ್ಯಾಂಕಿನೊಳಗೆ ಸೇರಿದ ಮೇಲೆ.

ಇದನ್ನೆಲ್ಲ ಹೇಳುವುದು ನಿಮ್ಮನ್ನು ಹೆದರಿಸಲಿಕ್ಕಲ್ಲ. ಕೋಆಪರೇಟಿವ್ ಬ್ಯಾಂಕೆಲ್ಲ ಕೆಟ್ಟದ್ದು ಅನ್ನಲಿಕ್ಕಂತೂ ಅಲ್ಲವೇ ಅಲ್ಲ. ಮುಂಬಯಿಯ ನಮ್ಮವರೇ ಕಟ್ಟಿ ಬೆಳೆಸಿದ ಸಹಕಾರಿ ಬ್ಯಾಂಕ್ ಈ ಊರಿನಲ್ಲಿದೆ, ಸಾವಿರಾರು ಸಂಸಾರ ಅದರಿಂದ ಮೇಲೆ ಬಂದಿದೆ. ಆದರೆ ಒಂದು ಲೆಕ್ಕ ಪ್ರತಿ ಮನೆಗೂ ಗೊತ್ತಿರಬೇಕು. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಲ್ಲಿರುವ ಉಳಿತಾಯ, ಎಫ್‌ಡಿ, ಆರ್‌ಡಿ, ಬಡ್ಡಿ ಎಲ್ಲ ಸೇರಿ 5 ಲಕ್ಷ ರೂಪಾಯಿವರೆಗೆ ಮಾತ್ರ ಠೇವಣಿ ವಿಮೆ. ನಾಲ್ಕು ಬ್ರಾಂಚಿನಲ್ಲಿ ನಾಲ್ಕು ಖಾತೆ ಇಟ್ಟರೂ ಬ್ಯಾಂಕ್ ಒಂದೇ ಆದರೆ ಲೆಕ್ಕವೂ ಒಂದೇ. 2020ರ ಫೆಬ್ರವರಿ 4ರವರೆಗೆ ಈ ಮಿತಿ ಬರೀ 1 ಲಕ್ಷವಿತ್ತು. ಪಿಎಂಸಿ ಗ್ರಾಹಕರ ಕಣ್ಣೀರು ಕಂಡ ಮೇಲೆ ಏರಿಸಿದರು. ಗಲ್ಲಿಯ ಪತಪೇಢಿಗೆ, ಕ್ರೆಡಿಟ್ ಸೊಸೈಟಿಗೆ, ಭಿಶಿಗೆ, ಕೈಚೀಟಿಗೆ, ಚಿನ್ನದಂಗಡಿಯ ಸ್ಕೀಮಿಗೆ ಈ ವಿಮೆ ಇಲ್ಲ. ಮಗಳ ಮದುವೆಗೆ, ಊರಿನ ಮನೆಗೆ ಅಂತ ಕೂಡಿಟ್ಟದ್ದು 5 ಲಕ್ಷ ದಾಟಿದ್ದರೆ ಈ ವಾರವೇ ಎರಡು ಬ್ಯಾಂಕಿಗೆ ಹಂಚಿ.

ಚಿನ್ನ ಕೊಳ್ಳುವ ಅಕ್ಕಂದಿರಿಗೆ

ಅಂಗಡಿಯ ಸ್ಕೀಮು ಯಾಕೆ ಯಾವಾಗಲೂ ಹನ್ನೊಂದು ತಿಂಗಳದ್ದೇ ಇರುತ್ತದೆ ಎಂದು ಯೋಚಿಸಿದ್ದೀರಾ? ಸರಕಿಗಾಗಿ ಪಡೆದ ಮುಂಗಡವನ್ನು ಕಂಪನಿಗಳು 365 ದಿನದೊಳಗೆ ಸರಕು ಕೊಟ್ಟು ತೀರಿಸಬೇಕು, ಇಲ್ಲದಿದ್ದರೆ ಅದು ಠೇವಣಿಯೆಂದು ಲೆಕ್ಕ, ಆಗ ನಿಯಮ ಬಿಗಿ. ಹಾಗಾಗಿ ಹನ್ನೊಂದು ತಿಂಗಳಿಗೆ ನಿಲ್ಲಿಸುತ್ತಾರೆ. ಆದ್ದರಿಂದ ಯಾವ ಚಿನ್ನದಂಗಡಿಯವನಾದರೂ ‘ಎರಡು ವರ್ಷ ಇಡಿ, ಶೇ. 16 ಬಡ್ಡಿ ಕೊಡುತ್ತೇನೆ’ ಅಂದರೆ ಅವನು ಮಾರುತ್ತಿರುವುದು ಒಡವೆಯಲ್ಲ. ಅಲ್ಲಿಂದ ಎದ್ದು ಬನ್ನಿ. ಸ್ಕೀಮು ಕಟ್ಟಲೇಬೇಕಾದರೆ ಸಣ್ಣ ಮೊತ್ತ ಕಟ್ಟಿ, ಪ್ರತಿ ಕಂತಿನ ರಸೀತಿ ಇಟ್ಟುಕೊಳ್ಳಿ, ಅವಧಿ ಮುಗಿದ ಕೂಡಲೇ ಒಡವೆ ತನ್ನಿ, ಅಲ್ಲೇ ಬಿಡಬೇಡಿ.

ಒಡವೆ ಕೊಳ್ಳುವಾಗ ಮೂರು ಗುರುತು ನೋಡಿ: ಬಿಐಎಸ್ ಮುದ್ರೆ, ಶುದ್ಧತೆಯ ಅಂಕಿ (22 ಕ್ಯಾರೆಟ್‌ಗೆ 916), ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಈ ಆರಂಕಿಯ ಗುರುತು ಕಡ್ಡಾಯ. ಬಿಐಎಸ್ ಕೇರ್ ಎಂಬ ಸರ್ಕಾರಿ ಆಪ್‌ನಲ್ಲಿ ಆ ಗುರುತು ಹಾಕಿದರೆ ಅದು ಯಾವ ಒಡವೆ, ಎಷ್ಟು ಶುದ್ಧ ಎಂದು ಅಂಗಡಿಯಲ್ಲೇ ನಿಂತು ನೋಡಬಹುದು. ಧನ್‌ತೇರಸ್ ಸಂಜೆಯ ಗಿಜಿಗಿಜಿಯಲ್ಲಿ ಇದಕ್ಕೆಲ್ಲ ಪುರುಸೊತ್ತು ಸಿಗುವುದಿಲ್ಲ. ಹಿಂದಿನ ವಾರವೇ ಹೋಗಿ ನೋಡಿ, ಮಜೂರಿ ಎಷ್ಟು ಹಾಕುತ್ತಾರೆ ಕೇಳಿ, ಇನ್ನೆರಡು ಅಂಗಡಿಯಲ್ಲಿ ವಿಚಾರಿಸಿ. ಮುಹೂರ್ತದ ದಿನ ಬರೀ ತರಲು ಹೋಗಿ. ಪಕ್ಕಾ ಬಿಲ್ಲು ಬೇಡ ಅಂದರೆ ಜಿಎಸ್‌ಟಿ ಉಳಿಯುತ್ತದೆ ಅನ್ನುವವರ ಮಾತು ಕೇಳಬೇಡಿ. ಬಿಲ್ಲಿಲ್ಲದ ಒಡವೆಯ ಬಗ್ಗೆ ನಾಳೆ ದೂರು ಕೊಡಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕಾರ್ಡು, ಕಂತು: ಲೆಕ್ಕ ಮಾಡಿ ನೋಡಿ

ಮಾಲ್‌ನಲ್ಲಿ, ರಸ್ತೆ ಬದಿಯ ಕಾನಪಿಯಲ್ಲಿ ಕ್ರೆಡಿಟ್ ಕಾರ್ಡ್ ಹಂಚುವ ಹುಡುಗರು ಈಗ ನಿಮ್ಮನ್ನು ಅಡ್ಡಗಟ್ಟುತ್ತಾರೆ. ‘ಪೂರ್ತಿ ಕಟ್ಟಬೇಕಾಗಿಲ್ಲ ಸಾರ್, ಮಿನಿಮಮ್ ಕಟ್ಟಿದರೆ ಸಾಕು’ ಅನ್ನುತ್ತಾರೆ. ಆ ಮಿನಿಮಮ್ ಎಂಬುದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡೋಣ.

ದೀಪಾವಳಿಗೆ ಕಾರ್ಡಿನಲ್ಲಿ 40,000 ರೂಪಾಯಿ ಖರ್ಚು ಮಾಡಿದಿರಿ. ಬಿಲ್ಲು ಬಂತು. ಶೇ. 5ರಂತೆ ಮಿನಿಮಮ್ 2,000 ಕಟ್ಟಿದಿರಿ. ಉಳಿದದ್ದು 38,000. ತಿಂಗಳಿಗೆ ಶೇ. 3.5 ಬಡ್ಡಿ ಹಿಡಿದರೆ 1,330. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 239. ಎರಡೂ ಸೇರಿ 1,569. ಅಂದರೆ ನೀವು ಬೆವರು ಸುರಿಸಿ ಕಟ್ಟಿದ 2,000ದಲ್ಲಿ ಸಾಲ ಇಳಿದದ್ದು 431 ರೂಪಾಯಿ ಮಾತ್ರ! ಇದೂ ಸೌಮ್ಯವಾದ ಲೆಕ್ಕ. ಬಿಲ್ಲು ಪೂರ್ತಿ ಕಟ್ಟದಿದ್ದರೆ ಬಡ್ಡಿ ಓಡುವುದು ಖರೀದಿಸಿದ ದಿನದಿಂದ, ಆಮೇಲೆ ಮಾಡುವ ಹೊಸ ಖರೀದಿಗೂ ಬಡ್ಡಿರಹಿತ ದಿನಗಳಿಲ್ಲ. ವರ್ಷಕ್ಕೆ ಶೇ. 42! ಊರಿನ ಯಾವ ಮನೆಯಲ್ಲಾದರೂ ಈ ಬಡ್ಡಿಗೆ ಸಾಲ ತಂದರೆ ಹಿರಿಯರು ಸುಮ್ಮನಿರುತ್ತಿದ್ದರೇ? ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ, ಅಲ್ಲಿ ಮೊದಲ ದಿನದಿಂದಲೇ ಬಡ್ಡಿ, ಮೇಲೆ ಫೀಸು.

ಬಡ್ಡಿಯಿಲ್ಲದ ಕಂತು, ನೋ ಕಾಸ್ಟ್ ಇಎಂಐ ಅನ್ನುತ್ತಾರಲ್ಲ, ಅದನ್ನೂ ನೋಡೋಣ. ಬಡ್ಡಿಯಿಲ್ಲದ ಸಾಲ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಈಗ ನಡೆಯುವುದೇನೆಂದರೆ, ಬಡ್ಡಿಯಷ್ಟು ಮೊತ್ತವನ್ನು ಅಂಗಡಿಯವರು ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ, ಬ್ಯಾಂಕು ಅದನ್ನು ಬಡ್ಡಿಯೆಂದು ನಿಮ್ಮಿಂದ ವಸೂಲಿ ಮಾಡುತ್ತದೆ. 24,000ದ ಫೋನು, ತಿಂಗಳಿಗೆ 4,000ದಂತೆ ಆರು ಕಂತು, ಒಳಗಿರುವ ಬಡ್ಡಿ ವರ್ಷಕ್ಕೆ ಶೇ. 16 ಅಂದುಕೊಳ್ಳಿ. ಆಗ ಬಡ್ಡಿ ಸುಮಾರು 1,081. ಅದಕ್ಕೆ ಜಿಎಸ್‌ಟಿ 195. ಪ್ರೊಸೆಸಿಂಗ್ ಫೀಸು 199 ಇದ್ದರೆ ಜಿಎಸ್‌ಟಿ ಸೇರಿ 235. ‘ಬಡ್ಡಿಯಿಲ್ಲದ’ ಫೋನಿಗೆ 430 ರೂಪಾಯಿ ಜಾಸ್ತಿ ಕೊಟ್ಟಿರಿ. ಒಮ್ಮೆಲೇ ದುಡ್ಡು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ಕಳೆದುಕೊಂಡದ್ದು ಬೇರೆ. ನಿಜವಾಗಿ ಬೇಕಾದ ಫ್ರಿಜ್ಜಿಗೆ 430 ಕೊಡುವುದು ತಪ್ಪಲ್ಲ. ಕಂತು ಸಣ್ಣದಿದೆಯೆಂದು ಬೇಡದ ಮೂರು ಸಾಮಾನು ಮನೆಗೆ ಬರುವುದು ತಪ್ಪು. ಎಲ್ಲ ಕಂತೂ ಸೇರಿ ತಿಂಗಳ ಪಗಾರದ ಕಾಲುಭಾಗ ದಾಟಬಾರದು ಎಂದು ಮನೆಯಲ್ಲಿ ಕೂತು ಗೆರೆ ಹಾಕಿಕೊಳ್ಳಿ. ಮಾರ್ಚಿನಲ್ಲಿ ಮಕ್ಕಳ ಸ್ಕೂಲ್ ಫೀಸಿಗೆ, ಮೇ ತಿಂಗಳಲ್ಲಿ ಊರಿನ ಮದುವೆ, ನೇಮ, ಜಾತ್ರೆಗೆ ದುಡ್ಡು ಬೇಕು. ದೀಪಾವಳಿಯ ಕಂತು ಆಗಲೂ ನಿಂತಿರುವುದಿಲ್ಲ.

ಇನ್ನು ಮೊಬೈಲಿನ ಸಾಲದ ಆಪ್‌ಗಳು. ‘ಐದು ನಿಮಿಷದಲ್ಲಿ ಸಾಲ’ ಎಂದು ಬರುವ ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಸಾಲ ಕೊಡುವ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಹೆಸರು ಅದರಲ್ಲಿ ಇರಲೇಬೇಕು, ವರ್ಷದ ಒಟ್ಟು ಬಡ್ಡಿ ಎಷ್ಟೆಂದು ಬರೆದ ಮುಖ್ಯಾಂಶಗಳ ಹಾಳೆಯನ್ನು ಸಾಲಕ್ಕೆ ಮೊದಲೇ ಕೊಡಬೇಕು, ನಿಮ್ಮ ಫೋನಿನ ಕಾಂಟ್ಯಾಕ್ಟ್, ಫೋಟೋಗಳಿಗೆ ಕೈಹಾಕುವ ಹಾಗಿಲ್ಲ. ಇವು ರಿಸರ್ವ್ ಬ್ಯಾಂಕಿನ ನಿಯಮಗಳು. ಕಾಂಟ್ಯಾಕ್ಟ್ ಕೇಳುವ ಆಪ್ ನಾಳೆ ನಿಮ್ಮ ಅಕ್ಕ, ಅತ್ತಿಗೆ, ಊರಿನ ಗುರಿಕಾರರಿಗೆ ಫೋನ್ ಮಾಡಿ ನಿಮ್ಮ ಮಾನ ಕಳೆಯಲಿಕ್ಕೇ ಅದನ್ನು ಕೇಳುವುದು. ಗಲ್ಲಿಯಲ್ಲಿ ದಿನಬಡ್ಡಿಗೆ ಕೊಡುವವರ ವಿಷಯವೂ ಅಷ್ಟೆ: ಮಹಾರಾಷ್ಟ್ರದ 2014ರ ಸಾವಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಅಪರಾಧ. ಅಂಥವರು ಬೆದರಿಸಿದರೆ ತಲೆತಗ್ಗಿಸಬೇಡಿ, ನಾಲ್ಕು ಜನ ಒಟ್ಟಾಗಿ ಪೊಲೀಸ್ ಠಾಣೆಗೆ ಹೋಗಿ.

ಫೋನಿನಲ್ಲಿ ಬರುವ ಕಳ್ಳ

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಳೇ ಸೋಫಾ ಮಾರಾಟಕ್ಕೆಂದು ಮೊಬೈಲಿನಲ್ಲಿ ಹಾಕಿದಿರಿ. ಹತ್ತು ನಿಮಿಷದಲ್ಲಿ ಫೋನು. ಶುದ್ಧ ಹಿಂದಿ, ಬಹಳ ಮರ್ಯಾದೆಯ ಮಾತು. ತಾನು ಮಿಲಿಟರಿಯಲ್ಲಿದ್ದೇನೆ, ಈಗಷ್ಟೇ ಮುಂಬಯಿಗೆ ವರ್ಗವಾಯಿತು ಅನ್ನುತ್ತಾನೆ. ನೀವು ಹೇಳಿದ 6,000ಕ್ಕೆ ಚೌಕಾಶಿಯನ್ನೇ ಮಾಡುವುದಿಲ್ಲ. ‘ನಾನು ಈಗಲೇ ದುಡ್ಡು ಹಾಕುತ್ತೇನೆ, ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮ್ಮ ಖಾತೆಗೆ ಬರುತ್ತದೆ.’ ಒತ್ತಿದಿರೋ, 6,000 ಹೋಯಿತು. ‘ಅಯ್ಯೋ ತಪ್ಪಾಯಿತು, ಇನ್ನೊಂದು ಕ್ಯೂಆರ್ ಕಳಿಸುತ್ತೇನೆ, ಎರಡೂ ಸೇರಿ ವಾಪಸ್ ಬರುತ್ತದೆ’ ಅನ್ನುತ್ತಾನೆ. ಮತ್ತೆ 12,000.

ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ: ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡುವಾಗ. ದುಡ್ಡು ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ಓಟಿಪಿ ಬೇಡ. ಇದೊಂದು ತಿಳಿದಿದ್ದರೆ ಸೋಫಾದವನು, ಲಾಟರಿಯವನು, ರೀಫಂಡಿನವನು ಮೂವರೂ ಸೋತರು.

ರೀಫಂಡು ಅಂದಾಗ ನೆನಪಾಯಿತು. ಹಬ್ಬಕ್ಕೆ ಊರಿಗೆ ಹೋಗಲು ಕುರ್ಲಾ ಟರ್ಮಿನಸ್‌ನಿಂದ ಮತ್ಸ್ಯಗಂಧ ರೈಲಿನ ಟಿಕೆಟ್ ಮಾಡಿ, ವೇಟಿಂಗ್ ಲಿಸ್ಟಿನಲ್ಲೇ ಉಳಿದು, ದುಡ್ಡು ವಾಪಸ್ ಬರಲಿಲ್ಲವೆಂದು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರು ಹುಡುಕುವವರು ನಮ್ಮಲ್ಲಿ ಎಷ್ಟೋ ಜನ. ಅಲ್ಲಿ ಮೇಲೆ ಕಾಣುವ ನಂಬರು ಕಳ್ಳರು ಹಾಕಿದ್ದೂ ಇರುತ್ತದೆ. ರೈಲಿನ ವಿಷಯಕ್ಕೆ 139. ಬ್ಯಾಂಕಿನ ನಂಬರು ನಿಮ್ಮ ಎಟಿಎಂ ಕಾರ್ಡಿನ ಹಿಂಬದಿಯಲ್ಲೇ ಇದೆ. ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಬ್ಯಾಂಕುಗಳ ವೆಬ್ ವಿಳಾಸಗಳು ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುತ್ತವೆ. ಹಾಗೆ ಮುಗಿಯದ ಲಿಂಕಿನಲ್ಲಿ ಖಾತೆಯ ವಿವರ ತುಂಬಬೇಡಿ.

ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು ಇನ್ನೂ ಅಪಾಯ. ಮದುವೆ ಕರೆಯೋಲೆ, ಗ್ಯಾಸ್ ಬಿಲ್ ಬಾಕಿ, ಟ್ರಾಫಿಕ್ ದಂಡ, ದೀಪಾವಳಿ ಗಿಫ್ಟ್, ಹೀಗೆ ಹಲವು ವೇಷ. ಗೊತ್ತಿರುವವರ ನಂಬರಿನಿಂದಲೇ ಬರಬಹುದು, ಯಾಕೆಂದರೆ ಅವರ ಫೋನು ಆಗಲೇ ಕಳ್ಳರ ಕೈಸೇರಿರುತ್ತದೆ. ತೆರೆದು ಇನ್‌ಸ್ಟಾಲ್ ಮಾಡಿದರೆ ನಿಮ್ಮ ಫೋನಿಗೆ ಬರುವ ಓಟಿಪಿಯೆಲ್ಲ ಅವರಿಗೆ ಕಾಣುತ್ತದೆ. ಕರೆಯೋಲೆ ಎಂಬುದು ಫೋಟೋ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ. ಎಪಿಕೆ ಆಗಿರುವುದಿಲ್ಲ. ಇನ್ನು ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಎಂದು ಹೆದರಿಸುವವರ ಬಗ್ಗೆ ಎರಡೇ ಮಾತು: ಅಂಥ ಅರೆಸ್ಟ್ ಭಾರತದ ಕಾನೂನಿನಲ್ಲಿಲ್ಲ, ಫೋನ್ ಇಟ್ಟುಬಿಡಿ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಇದನ್ನು ಕೂತು ಬಿಡಿಸಿ ಹೇಳಿ. ಪಿಂಚಣಿಯ ದುಡ್ಡು ಇರುವವರನ್ನೇ ಇವರು ಹುಡುಕುವುದು.

ಪೇಟೆಗೆ ಹೋಗುವಾಗ ಯುಪಿಐ ಲೈಟ್ ಬಳಸಿ. ಅದರಲ್ಲಿ ಇಡಬಹುದಾದದ್ದೇ ಹೆಚ್ಚೆಂದರೆ 5,000, ಹೋದರೂ ಅಷ್ಟೇ ಹೋದೀತು. ಪಗಾರ ಬರುವ ಖಾತೆಯನ್ನು ಯುಪಿಐಗೆ ಜೋಡಿಸದೆ, ಸಣ್ಣದೊಂದು ಬೇರೆ ಖಾತೆ ಜೋಡಿಸಿಕೊಂಡರೆ ಇನ್ನೂ ಒಳ್ಳೆಯದು. ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆಯನ್ನು ಬ್ಯಾಂಕಿನ ಆಪ್‌ನಲ್ಲಿ ನೀವೇ ಆಫ್ ಮಾಡಬಹುದು, ಬೇಕಾದಾಗ ಆನ್.

ಹುಡುಗರೇ, ಖಾತೆ ಬಾಡಿಗೆಗೆ ಕೊಡಬೇಡಿ

ಇದನ್ನು ಹೊಟೇಲಿನಲ್ಲಿ, ಸೈಟಿನಲ್ಲಿ, ಡೆಲಿವರಿಯಲ್ಲಿ ದುಡಿಯುವ ನಮ್ಮ ಹುಡುಗರಿಗೆ ಬಹಳ ಕಳಕಳಿಯಿಂದ ಹೇಳುತ್ತಿದ್ದೇವೆ. ಹಬ್ಬಕ್ಕೆ ಊರಿಗೆ ಹೋಗಲು ದುಡ್ಡು ಬೇಕಾದ ಹೊತ್ತು ನೋಡಿಕೊಂಡು ಯಾರೋ ಒಬ್ಬ ಚಹಾ ಅಂಗಡಿಯಲ್ಲಿ ಪರಿಚಯ ಮಾಡಿಕೊಳ್ಳುತ್ತಾನೆ. ‘ನಿನ್ನ ಹೆಸರಲ್ಲಿ ಖಾತೆ ತೆರೆದು ಕೊಡು, ಎಟಿಎಂ ಕಾರ್ಡು, ಸಿಮ್ ನನ್ನ ಹತ್ತಿರ ಇರಲಿ, ನಿನಗೆ ಇಷ್ಟು ಸಾವಿರ ಕೊಡುತ್ತೇನೆ’ ಅನ್ನುತ್ತಾನೆ. ಎಲ್ಲೆಲ್ಲಿಯೋ ಯಾರ್ಯಾರಿಂದಲೋ ಕದ್ದ ದುಡ್ಡು ಆ ಖಾತೆಯ ಮೂಲಕ ಹೋಗುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನು. ಕಳ್ಳನ ನಿಜವಾದ ಹೆಸರೂ ನಿನಗೆ ಗೊತ್ತಿರುವುದಿಲ್ಲ, ತಮ್ಮಾ. ಕೇಸು ನಿನ್ನ ಮೇಲೆ, ಖಾತೆಗಳೆಲ್ಲ ಬಂದ್, ಊರಿನಲ್ಲಿ ಅಪ್ಪ-ಅಮ್ಮ ಕೋರ್ಟು ಅಲೆಯಬೇಕು. ಹೊಟೇಲ್ ಮಾಲೀಕರಲ್ಲಿ, ಮೇಸ್ತ್ರಿಗಳಲ್ಲಿ ನಮ್ಮ ವಿನಂತಿ: ನಿಮ್ಮ ಹುಡುಗರನ್ನು ಒಂದು ಸಂಜೆ ಕೂರಿಸಿಕೊಂಡು ಇದೊಂದು ಭಾಗ ಓದಿ ಹೇಳಿ. ಊಟದ ಹೊತ್ತಿಗೆ ಸಾಕು.

ಇಷ್ಟೆಲ್ಲ ಎಚ್ಚರಿಸಿದೆವೆಂದು ಈ ಊರಿನ ಕನ್ನಡದವರು ದುಡ್ಡನ್ನು ಕಾಪಾಡಿಕೊಳ್ಳಲು ಅರಿಯದವರಲ್ಲ. ಹಗಲು ಹೊಟೇಲಿನಲ್ಲಿ ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಉಳಿಸಿದ ಪಗಾರದಲ್ಲಿ ಊರಿನಲ್ಲಿ ಮನೆ ಕಟ್ಟಿಸಿದವರ ಮಕ್ಕಳು ನಾವು. ದಿನದಿನದ ಸಣ್ಣ ಉಳಿತಾಯವನ್ನು ಮನೆ ಬಾಗಿಲಿಗೆ ಬಂದು ಪಡೆದುಕೊಳ್ಳುವ ಪಿಗ್ಮಿ ಶುರುವಾದದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯಿಂದ. ನೇಕಾರರು, ಕೂಲಿಯವರು ದಿನಕ್ಕೆ ಎರಡಾಣೆ ಕಟ್ಟಿದ ಊರು ಅದು. ಈಗ ಪಿಗ್ಮಿಯ ಜಾಗದಲ್ಲಿ ಆರ್‌ಡಿ ಇದೆ. ದೀಪಾವಳಿ ಪಾಡ್ಯದ ಮರುದಿನ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ತಿಂಗಳಿಗೆ 1,000ದ ಖಾತೆ ತೆರೆಯಿರಿ. ಬ್ಯಾಂಕಿನಲ್ಲಿ ಒಂದು ವರ್ಷದ್ದು ಸಿಗುತ್ತದೆ, ಅಂಚೆಯದು ಐದು ವರ್ಷದ್ದು, ತಿಂಗಳಿಗೆ 100 ರೂಪಾಯಿಯಿಂದಲೂ ಕಟ್ಟಬಹುದು. ಬ್ಯಾಂಕಿನದಾದರೆ ಮುಂದಿನ ದೀಪಾವಳಿಯ ಹೊತ್ತಿಗೆ 12,000 ಅಸಲು, ಮೇಲೆ ಬಡ್ಡಿ, ನಿಮ್ಮದೇ ದುಡ್ಡು. ಕಾರ್ಡೂ ಬೇಡ, ಕಂತೂ ಬೇಡ.

ಮೋಸ ಆಗಿಹೋದರೆ

ನಾಚಿಕೆ ಪಟ್ಟು ಮುಚ್ಚಿಡಬೇಡಿ. ಓದಿದವರೂ, ಬ್ಯಾಂಕಿನಲ್ಲೇ ಕೆಲಸ ಮಾಡಿದವರೂ ಸಿಕ್ಕಿಬಿದ್ದಿದ್ದಾರೆ. ಗಂಡನಿಗೆ ಗೊತ್ತಾದರೆ ಬೈಯುತ್ತಾರೆ, ಮಗನಿಗೆ ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾನೆ ಎಂದು ಎರಡು ದಿನ ಸುಮ್ಮನಿದ್ದರೆ ದುಡ್ಡು ಹತ್ತು ಖಾತೆ ದಾಟಿ ಹೋಗಿರುತ್ತದೆ. ಮನೆಯವರೇ, ನೀವೂ ಬೈಯಬೇಡಿ. ಮೊದಲು ಫೋನ್ ಮಾಡಿ.

1930. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದುಡ್ಡು ಹೋದ ಮೊದಲ ಗಂಟೆಯೊಳಗೆ ಹೇಳಿದರೆ ಕಳ್ಳನ ಖಾತೆಯಲ್ಲೇ ಅದನ್ನು ತಡೆಯುವ ಸಾಧ್ಯತೆ ಹೆಚ್ಚು. ಫೋನಿನಲ್ಲೇ ಇದನ್ನು ಸೇವ್ ಮಾಡಿಕೊಳ್ಳಿ, ಈಗಲೇ, ಈ ಕಾಗದ ಕೈಯಲ್ಲಿರುವಾಗಲೇ. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ನಲ್ಲೂ ದೂರು ದಾಖಲಿಸಬಹುದು. ಜೊತೆಗೇ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರಿಂದ ದುಡ್ಡು ಹೋದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲಿಲ್ಲ. ಇದು 2017ರಿಂದಿರುವ ರಿಸರ್ವ್ ಬ್ಯಾಂಕಿನ ನಿಯಮ. ಪಿನ್, ಓಟಿಪಿ ನೀವೇ ಹೇಳಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು, ಆದ್ದರಿಂದ ಒಂದು ನಿಮಿಷವೂ ತಡ ಮಾಡಬೇಡಿ. ಬ್ಯಾಂಕು 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಫೀಸಿಲ್ಲ, ವಿಚಾರಿಸಲು ಫೋನ್ 14448.

ಸಾಮಾನು ಕೆಟ್ಟದ್ದು ಬಂದರೆ, ಡಬ್ಬಿಯಲ್ಲಿ ಫೋನಿನ ಬದಲು ಸಾಬೂನು ಬಂದರೆ, ಹೇಳಿದ ಬೆಲೆಗಿಂತ ಕೊನೆಯಲ್ಲಿ ಏನೇನೋ ಸೇರಿಸಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ, ಡೆಲಿವರಿಯವರ ಎದುರೇ ಬಿಚ್ಚಿದರೆ ಇನ್ನೂ ಒಳ್ಳೆಯದು. ಆನ್‌ಲೈನ್ ಕಂಪನಿಗಳು ನಿಮ್ಮ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ ಒಂದು ತಿಂಗಳಲ್ಲಿ ತೀರಿಸಬೇಕೆಂದು 2020ರ ನಿಯಮವಿದೆ. ‘ಇನ್ನು ಎರಡೇ ಪೀಸು ಉಳಿದಿದೆ’ ಎಂಬ ಸುಳ್ಳು ಅವಸರವನ್ನೂ, ಕೇಳದ ಸಾಮಾನನ್ನು ಬುಟ್ಟಿಗೆ ಸೇರಿಸುವುದನ್ನೂ 2023ರ ನವೆಂಬರಿನಲ್ಲಿ ಸರ್ಕಾರ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ಹಾಗೆ ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ದೂರಿಗೆ ಅದೇ ಸಾಕ್ಷಿ.

ಈ ಭಾನುವಾರ ನಿಮ್ಮ ಚಾಳಿನಲ್ಲಿ, ಬಿಲ್ಡಿಂಗಿನಲ್ಲಿ, ಭಜನೆ ಮುಗಿದ ಮೇಲೆ ಹತ್ತು ಜನ ಕೂತು ಈ ಹಾಳೆಯನ್ನು ಗಟ್ಟಿಯಾಗಿ ಓದಿ. ಓದಲು ಬಾರದ ಅಜ್ಜ-ಅಜ್ಜಿಯರ ಫೋನಿನಲ್ಲಿ 1930 ಮತ್ತು 1915 ನಂಬರುಗಳನ್ನು ನೀವೇ ಹಾಕಿಕೊಡಿ. ಈ ಕಾಗದವನ್ನು ಬಿಸಾಡದೆ ಪಕ್ಕದ ಮನೆಗೆ ಕೊಡಿ. ಅವರು ತಮಿಳರಾಗಲಿ, ಮರಾಠಿಯವರಾಗಲಿ, ಬಿಹಾರದವರಾಗಲಿ, ಬಾಯಲ್ಲೇ ತಿಳಿಸಿ ಹೇಳಿ.

ಪವಾಯಿಯ ಕನ್ನಡಿಗ ಗೆಳೆಯರು